ಕರ್ನಲ್ ಕುಸಿದರೂ ಸಾಕ್ಷಿ ಉಳಿಯಲಿ



ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ವೋಚರ್ ಹುಡುಕುತ್ತೇವೆ. ಉರ್ದು ಮನೆಮಾತಿನ ನಾವು ಲೆಕ್ಕಕ್ಕೆ ಹಿಸಾಬ್ ಎನ್ನುತ್ತೇವೆ. ಯಾವ ಹಿಸಾಬಿಗಾದರೂ ಪುರಾವೆ ಬೇಕು. ಕಂಪ್ಯೂಟರಿಗೂ ಇದೇ ಮಾತು ಅನ್ವಯಿಸುತ್ತದೆ.

ಆಪರೇಟಿಂಗ್ ಸಿಸ್ಟಮ್‌ನ ತಿರುಳೇ ಕರ್ನಲ್. ಮೆಮೊರಿ, ಡಿಸ್ಕ್, ಕೀಬೋರ್ಡ್ ಎಲ್ಲವೂ ಅದರ ಹಿಡಿತದಲ್ಲಿವೆ. ಒಂದು ಪ್ರೋಗ್ರಾಂ ಕೆಟ್ಟರೆ ಅದಷ್ಟೇ ನಿಲ್ಲುತ್ತದೆ. ಕರ್ನಲ್ ಕೆಟ್ಟರೆ ಇಡೀ ಯಂತ್ರವೇ ನಿಲ್ಲುತ್ತದೆ. ಇದಕ್ಕೆ ಲಿನಕ್ಸ್‌ನಲ್ಲಿ ‘ಕರ್ನಲ್ ಪ್ಯಾನಿಕ್’ ಎಂದು ಹೆಸರು. ಆಗ ಸ್ವಿಚ್ ಆರಿಸಿದರೆ ಮೆಮೊರಿಯಲ್ಲಿದ್ದ ಪುರಾವೆಯೂ ಅಳಿಸಿಹೋಗುತ್ತದೆ. ಆದ್ದರಿಂದ ಡೀಬಗ್ ಸೆಟ್ಟಿಂಗ್‌ಗಳನ್ನು ಮೊದಲೇ ಮಾಡಿಡಬೇಕು. ಮುಖ್ಯವಾದವು ಮೂರು.

1. ಲಾಗ್ ಮಟ್ಟ: ಕರ್ನಲ್ ಸಂದೇಶಗಳಿಗೆ 0ಯಿಂದ 7ರವರೆಗೆ ಎಂಟು ಮಟ್ಟಗಳಿವೆ. 0 ಎಂದರೆ ಅತಿ ಗಂಭೀರ, 7 ಎಂದರೆ ಡೀಬಗ್ ವಿವರ. ಪರದೆಯ ಮೇಲೆ ಯಾವ ಮಟ್ಟದವರೆಗೆ ಕಾಣಬೇಕೆಂದು ನಾವೇ ನಿಗದಿ ಮಾಡಬಹುದು. ಪರದೆಯಲ್ಲಿ ಕಾಣದ ಸಂದೇಶವೂ ಕರ್ನಲ್‌ನ ಲಾಗ್‌ನಲ್ಲಿ ದಾಖಲಾಗುತ್ತದೆ.

2. ಪ್ಯಾನಿಕ್ ಅವಧಿ: ಇದು 0 ಇದ್ದರೆ ಕುಸಿದ ಯಂತ್ರ ಹಾಗೆಯೇ ನಿಂತಿರುತ್ತದೆ, 10 ಎಂದು ಬರೆದರೆ 10 ಸೆಕೆಂಡುಗಳ ನಂತರ ತಾನೇ ಮತ್ತೆ ಶುರುವಾಗುತ್ತದೆ.

3. ಕೆಡಂಪ್: ಇದು ನಮ್ಮ ‘ಮೀಸಲು ನಿಧಿ’ ಇದ್ದಂತೆ. ಯಂತ್ರ ಶುರುವಾಗುವಾಗಲೇ ಸ್ವಲ್ಪ ಮೆಮೊರಿ ತೆಗೆದಿಟ್ಟು, ಅದರಲ್ಲಿ ಎರಡನೇ ಕರ್ನಲ್ ಒಂದನ್ನು ಸಿದ್ಧವಾಗಿ ಇಡುತ್ತಾರೆ. ಮೊದಲನೆಯದು ಕುಸಿದ ಕೂಡಲೇ ಎರಡನೆಯದು ಎದ್ದು, ಹಳೆಯ ಮೆಮೊರಿಯ ಪ್ರತಿಯನ್ನು ಡಿಸ್ಕ್‌ಗೆ ಬರೆಯುತ್ತದೆ. ಮುಂದೆ ತಜ್ಞರು ಅದನ್ನು ತೆರೆದು ತಪ್ಪು ಎಲ್ಲಾಯಿತೆಂದು ನೋಡಬಹುದು.

ಕೆಡಂಪ್ ರೂಪಿಸುವುದರಲ್ಲಿ ಬೆಂಗಳೂರಿನ ಐಬಿಎಂ ಎಂಜಿನಿಯರ್‌ಗಳ ದುಡಿಮೆ ದೊಡ್ಡದು. 2005ರಲ್ಲಿ ಬಂದ ಲಿನಕ್ಸ್ 2.6.13ರಲ್ಲಿ ಅದು ಸೇರಿತು. ನಮ್ಮ ರಾಜ್ಯದಲ್ಲಿ ಬರೆದ ಕೋಡ್ ಇಂದು ಜಗತ್ತಿನ ಎಷ್ಟೋ ಸರ್ವರ್‌ಗಳನ್ನು ಕಾಯುತ್ತಿದೆ. ವಡಗೇರಾದಲ್ಲಿ ಓದುವ ನಮಗೂ ಆ ಕೋಡ್ ತೆರೆದೇ ಇದೆ. ಯಾರು ಬೇಕಾದರೂ ಓದಬಹುದು.

ಖರ್ಚು ಎಷ್ಟು? 4 ಜಿಬಿ, ಅಂದರೆ 4096 ಎಂಬಿ ಮೆಮೊರಿಯಲ್ಲಿ 256 ಎಂಬಿ ಮೀಸಲಿಟ್ಟರೆ ಶೇ. 6.25. ಆ ಭಾಗ ದಿನನಿತ್ಯದ ಕೆಲಸಕ್ಕೆ ಸಿಗುವುದಿಲ್ಲ. ಮನೆಯ ಯಂತ್ರಕ್ಕೆ ಇದು ಹೊರೆ ಅನಿಸಬಹುದು. ಹಣದ ಲೆಕ್ಕ ನೋಡುವ ಸರ್ವರ್‌ಗೆ ಅಗತ್ಯ.

ಒಂದು ಎಚ್ಚರಿಕೆ: ಮೆಮೊರಿಯ ಪ್ರತಿಯಲ್ಲಿ ಪಾಸ್‌ವರ್ಡ್‌ಗಳೂ ಇರಬಹುದು. ಅದನ್ನು ಕಂಡಕಂಡವರಿಗೆ ಕಳುಹಿಸಬಾರದು.

ಅಭ್ಯಾಸ: 8 ಜಿಬಿ ಯಂತ್ರದಲ್ಲಿ ಅದೇ 256 ಎಂಬಿ ಮೀಸಲಿಟ್ಟರೆ ಶೇಕಡಾ ಎಷ್ಟು?
ಉತ್ತರ: 3.125.