ನೀರಿನ ಏಟು: ಒತ್ತಡದಿಂದ ತೊಳೆಯುವ ಯಂತ್ರವನ್ನು ಆರಿಸುವ ಬಗೆ

ಮಳೆಗಾಲ ಮುಗಿಯುವ ವೇಳೆಗೆ ಮಲೆನಾಡಿನ ಮತ್ತು ಕರಾವಳಿಯ ಮನೆಗಳ ಅಂಗಳ ಹಸುರಾಗಿರುತ್ತದೆ. ಕಲ್ಲುಚಪ್ಪಡಿಯ ಮೇಲೆ, ಬಾವಿಕಟ್ಟೆಯ ಸುತ್ತ, ಮೆಟ್ಟಿಲುಗಳ ಅಂಚಿನಲ್ಲಿ ಪಾಚಿ ಹಬ್ಬಿ ನೆಲ ಜಾರತೊಡಗುತ್ತದೆ. ನೋಟಕ್ಕೆ ಮೆತ್ತಗಿರುವ ಈ ಹಾಸು ವಯಸ್ಸಾದವರ ಸೊಂಟದ ಮೂಳೆಯನ್ನು ಮುರಿಯಬಲ್ಲುದು. ಕಡ್ಡಿಪೊರಕೆ ಹಿಡಿದು ಇದನ್ನು ಉಜ್ಜಿ ತೆಗೆಯುವುದು ಬೆನ್ನು ಬಾಗಿಸುವ ಕೆಲಸ. ಈ ಕೆಲಸಕ್ಕೆಂದು ವಿದ್ಯುತ್ತಿನಿಂದ ನಡೆಯುವ ಸಣ್ಣ ಯಂತ್ರವೊಂದು ಈಗ ಪೇಟೆಯಲ್ಲಿ ದೊರೆಯುತ್ತದೆ. ಅದನ್ನು ಪ್ರೆಷರ್ ವಾಷರ್ ಎಂದು ಕರೆಯುತ್ತಾರೆ. ಬರಿಯ ನೀರನ್ನೇ ಆಯುಧವನ್ನಾಗಿ ಮಾಡಿಕೊಂಡು ಅದು ಪಾಚಿಯನ್ನು ಕಿತ್ತೊಗೆಯುತ್ತದೆ.

ಆದರೆ ಅಂಗಡಿಗೆ ಹೋದವರು ತಬ್ಬಿಬ್ಬಾಗುವುದುಂಟು. ಒಂದು ಡಬ್ಬದ ಮೇಲೆ 110 ಬಾರ್ ಎಂದಿದೆ. ಪಕ್ಕದ ಡಬ್ಬದ ಮೇಲೆ 200 ಬಾರ್ ಎಂದಿದೆ. ದೊಡ್ಡ ಅಂಕಿಯುಳ್ಳದ್ದೇ ಉತ್ತಮವೆಂದು ತೋರುವುದು ಸಹಜ. ಹೈಸ್ಕೂಲಿನಲ್ಲಿ ಕಲಿತ ಭೌತಶಾಸ್ತ್ರ ಮಾತ್ರ ಅಷ್ಟು ಬೇಗನೆ ಒಪ್ಪುವುದಿಲ್ಲ. ಏಕೆಂಬುದನ್ನು ವಿಚಾರ ಮಾಡೋಣ.

ಒತ್ತಡದ ಅಳತೆ

ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಮಿನ ಭಾರ ಬಿದ್ದರೆ ಅದು ಒಂದು ಬಾರ್ ಒತ್ತಡ. ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡವೂ ಹೆಚ್ಚುಕಡಿಮೆ ಇಷ್ಟೇ. ಹತ್ತು ಮೀಟರು ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಇಷ್ಟೇ ಒತ್ತಡವನ್ನು ಉಂಟುಮಾಡುತ್ತದೆ. ಮನೆಯ ಮೇಲಿನ ತೊಟ್ಟಿ ನಲ್ಲಿಗಿಂತ ನಾಲ್ಕು ಮೀಟರು ಎತ್ತರದಲ್ಲಿದ್ದರೆ ನಲ್ಲಿಯಲ್ಲಿ ದೊರೆಯುವುದು 0.4 ಬಾರ್ ಮಾತ್ರ. ಜೋಗದ ರಾಜಾ ಧಾರೆಯ ಎತ್ತರ 253 ಮೀಟರು. ಅಷ್ಟು ಉದ್ದದ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ ನೀರು ತುಂಬಿದರೆ ಬುಡದಲ್ಲಿ ಸುಮಾರು 25 ಬಾರ್ ಒತ್ತಡವಿರುತ್ತದೆ. ಮನೆಯ ಯಂತ್ರವೊಂದು 120 ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತದೆಯೆಂದರೆ, ಅದರ ಕೊಳವೆಯೊಳಗೆ ಐದು ಜೋಗಗಳು ಒಂದರ ಮೇಲೊಂದು ನಿಂತಂತಾಯಿತು!

ಯಂತ್ರದ ಒಳಗೆ

ಇಷ್ಟು ಒತ್ತಡ ಎಲ್ಲಿಂದ ಬಂದಿತು? ಯಂತ್ರದಲ್ಲಿ ಒಂದು ಮೋಟಾರಿದೆ. ಅದು ಓರೆಯಾಗಿ ಕೂಡಿಸಿದ ತಟ್ಟೆಯೊಂದನ್ನು ತಿರುಗಿಸುತ್ತದೆ. ತಟ್ಟೆ ತಿರುಗಿದಂತೆ ಪುಟ್ಟ ಪಿಸ್ಟನ್‌ಗಳು, ಸಾಮಾನ್ಯವಾಗಿ ಮೂರು, ಒಂದಾದ ಮೇಲೊಂದರಂತೆ ಹಿಂದೆ ಮುಂದೆ ಆಡುತ್ತವೆ. ಪಿಸ್ಟನ್ ಹಿಂದೆ ಸರಿದಾಗ ಒಂದು ಕವಾಟ ತೆರೆದು ನೀರು ಒಳಕ್ಕೆ ಬರುತ್ತದೆ. ಮುಂದೆ ನುಗ್ಗಿದಾಗ ಆ ಕವಾಟ ಮುಚ್ಚಿ ಇನ್ನೊಂದು ತೆರೆದು ನೀರು ಹೊರಕ್ಕೆ ಹೋಗುತ್ತದೆ. ನೀರನ್ನು ಗಾಳಿಯಂತೆ ಕುಗ್ಗಿಸಲು ಬರುವುದಿಲ್ಲ. ಹೊರಹೋಗುವ ದಾರಿಯೋ ತೀರ ಕಿರಿದು. ಆದುದರಿಂದ ಒತ್ತಡ ಏರುತ್ತದೆ. ಪಂಪು ನೀರನ್ನು ನೂಕುತ್ತದೆ. ಕಿರಿದಾದ ಮೂತಿ ಅದನ್ನು ತಡೆಯುತ್ತದೆ. ಒತ್ತಡ ಇವೆರಡರ ಕೂಸು. ಮೂತಿ ಸವೆದು ಅಗಲವಾದರೆ ಎಷ್ಟೇ ಒಳ್ಳೆಯ ಪಂಪಿದ್ದರೂ ಒತ್ತಡ ಇಳಿದುಹೋಗುವುದು ಈ ಕಾರಣದಿಂದಲೇ.

ತತ್ತ್ವ ಹಳೆಯದು. ತೂತಿನಿಂದ ಹೊರಚಿಮ್ಮುವ ನೀರಿನ ವೇಗಕ್ಕೂ ಅದರ ಮೇಲಿರುವ ನೀರಿನ ಎತ್ತರಕ್ಕೂ ಇರುವ ಸಂಬಂಧವನ್ನು ಇಟಲಿಯ ಟಾರಿಚೆಲ್ಲಿ 1644ರಲ್ಲಿ ಪ್ರಕಟಿಸಿದನು. ದ್ರವಗಳಲ್ಲಿ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದೆಂಬ ಫ್ರಾನ್ಸಿನ ಪಾಸ್ಕಲ್‌ನ ಗ್ರಂಥ, ಅವನು ತೀರಿಕೊಂಡ ಮರುವರ್ಷ, 1663ರಲ್ಲಿ ಬೆಳಕು ಕಂಡಿತು. ಬಿಸಿನೀರನ್ನು ಅಧಿಕ ಒತ್ತಡದಲ್ಲಿ ಚಿಮ್ಮಿಸಿ ತೊಳೆಯುವ ಯಂತ್ರವನ್ನು ಜರ್ಮನಿಯ ಆಲ್ಫ್ರೆಡ್ ಕಾರ್ಖರ್ 1950ರಲ್ಲಿ ನಿರ್ಮಿಸಿದನು. ಇಂದಿನ ಮನೆಬಳಕೆಯ ಯಂತ್ರಗಳು ಹೆಚ್ಚಾಗಿ ತಣ್ಣೀರಿನಿಂದಲೇ ಕೆಲಸ ಮಾಡುತ್ತವೆ.

ಒತ್ತಡವು ವೇಗವಾಗುವುದು

ನೀರು ಮೂತಿಯನ್ನು ದಾಟಿದ ಕೂಡಲೆ ಅದರ ಒತ್ತಡ ವೇಗವಾಗಿ ಮಾರ್ಪಡುತ್ತದೆ. ಲೆಕ್ಕ ಹಾಕಿದರೆ 120 ಬಾರ್ ಒತ್ತಡದ ನೀರು ಸೆಕೆಂಡಿಗೆ ಸುಮಾರು 155 ಮೀಟರು, ಅಂದರೆ ಗಂಟೆಗೆ 550 ಕಿಲೋಮೀಟರಿಗೂ ಹೆಚ್ಚಿನ ವೇಗದಿಂದ ಹೊರಬೀಳುತ್ತದೆ. ನಿಮಿಷಕ್ಕೆ ಆರು ಲೀಟರು ನೀರು ಈ ವೇಗದಲ್ಲಿ ಹಾಯಬೇಕಾದರೆ ಮೂತಿಯ ರಂಧ್ರ ಒಂದು ಮಿಲಿಮೀಟರಿನಷ್ಟಿದ್ದರೆ ಸಾಕು. ಪಾಚಿಗೆ ಬೀಳುವ ಏಟು ಇದೇ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ವೇಗವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾಗಬೇಕಾದರೆ ಒತ್ತಡ ನಾಲ್ಕರಷ್ಟಾಗಬೇಕು. 120 ಬಾರಿನ ಬದಲು 160 ಬಾರಿನ ಯಂತ್ರವನ್ನು ಕೊಂಡರೆ ಒತ್ತಡ ಮೂರರಲ್ಲೊಂದು ಪಾಲು ಹೆಚ್ಚಿತು; ವೇಗ ಹೆಚ್ಚಿದ್ದು ನೂರಕ್ಕೆ ಹದಿನೈದರಷ್ಟು ಮಾತ್ರ.

ಡಬ್ಬದ ಮೇಲಿನ ಮೂರು ಅಂಕಿಗಳು

ಡಬ್ಬದ ಮೇಲೆ ಮೂರು ಅಂಕಿಗಳನ್ನು ಹುಡುಕಬೇಕು. ಒಂದು, ಒತ್ತಡ, ಎರಡು, ನಿಮಿಷಕ್ಕೆ ಹರಿಯುವ ನೀರು, ಮೂರು, ಮೋಟಾರು ಸೆಳೆಯುವ ವಿದ್ಯುತ್ತು. ಕೆಲವರು ಒತ್ತಡವನ್ನು ಪಿಎಸ್‌ಐ ಎಂಬ ಮಾನದಲ್ಲಿ ಕೊಟ್ಟಿರುತ್ತಾರೆ. 14.5 ಪಿಎಸ್‌ಐ ಎಂದರೆ ಒಂದು ಬಾರ್. ಈ ಮಾನದಲ್ಲಿ ಅಂಕಿ ದೊಡ್ಡದಾಗಿ ಕಾಣುತ್ತದೆ, ಒತ್ತಡವೇನೂ ದೊಡ್ಡದಾಗುವುದಿಲ್ಲ.

ಈ ಮೂರು ಅಂಕಿಗಳನ್ನು ಒಂದು ನಿಯಮ ಕಟ್ಟಿಹಾಕಿದೆ. ಒತ್ತಡವನ್ನು ಹರಿವಿನಿಂದ ಗುಣಿಸಿದರೆ ನೀರಿಗೆ ದೊರೆತ ಸಾಮರ್ಥ್ಯ ಸಿಕ್ಕುತ್ತದೆ. ಬಾರ್‌ಗಳನ್ನು ನಿಮಿಷದ ಲೀಟರುಗಳಿಂದ ಗುಣಿಸಿ 600ರಿಂದ ಭಾಗಿಸಿದರೆ ಉತ್ತರ ಕಿಲೋವ್ಯಾಟುಗಳಲ್ಲಿ ಬರುತ್ತದೆ. 110 ಬಾರ್, 6 ಲೀಟರು, 1.6 ಕಿಲೋವ್ಯಾಟ್ ಎಂದು ಬರೆದಿದೆಯೆನ್ನೋಣ. 110ನ್ನು 6ರಿಂದ ಗುಣಿಸಿ 600ರಿಂದ ಭಾಗಿಸಿದರೆ 1.1 ಕಿಲೋವ್ಯಾಟ್. ಉಳಿದ ಅರ್ಧ ಕಿಲೋವ್ಯಾಟ್ ಮೋಟಾರು ಮತ್ತು ಪಂಪುಗಳಲ್ಲಿ ಶಾಖವಾಗಿ, ಸದ್ದಾಗಿ ಹೋಗುತ್ತದೆ. ಇದು ನಂಬತಕ್ಕ ಲೆಕ್ಕ. ಇನ್ನೊಂದರ ಮೇಲೆ 200 ಬಾರ್, 10 ಲೀಟರು, 1.8 ಕಿಲೋವ್ಯಾಟ್ ಎಂದಿದ್ದರೆ? ನೀರಿಗೆ 3.3 ಕಿಲೋವ್ಯಾಟ್ ಬೇಕು. 1.8 ಕಿಲೋವ್ಯಾಟನ್ನು ಸೆಳೆದು 3.3 ಕಿಲೋವ್ಯಾಟನ್ನು ಕೊಡುವ ಯಂತ್ರವನ್ನು ಶಕ್ತಿಸಂರಕ್ಷಣೆಯ ನಿಯಮ ಒಪ್ಪುವುದಿಲ್ಲ.

ಹಾಗಾದರೆ ಬರೆದದ್ದು ಸುಳ್ಳೆ? ಪೂರ್ಣ ಸುಳ್ಳಾಗಿರಬೇಕಾಗಿಲ್ಲ. ಟ್ರಿಗರನ್ನು ಬಿಟ್ಟು ನೀರನ್ನು ತಡೆದ ಗಳಿಗೆಯಲ್ಲಿ ಒತ್ತಡ ಪರಮಾವಧಿಗೆ ಏರುತ್ತದೆ. ಆಗ ಹರಿವು ಇಲ್ಲ. ತಡೆಯಿಲ್ಲದೆ ಬಿಟ್ಟಾಗ ಹರಿವು ಪರಮಾವಧಿಯಾಗುತ್ತದೆ; ಆಗ ಒತ್ತಡ ಇಲ್ಲ. ಎರಡು ಬೇರೆ ಗಳಿಗೆಗಳ ಅಂಕಿಗಳನ್ನು ಒಂದೇ ಸಾಲಿನಲ್ಲಿ ಅಚ್ಚುಮಾಡಿದರೆ ಓದುವವನು ಮೋಸಹೋಗುತ್ತಾನೆ. ಆದುದರಿಂದ ‘ಗರಿಷ್ಠ ಒತ್ತಡ’ವನ್ನು ಬಿಟ್ಟು ‘ಕೆಲಸದ ಒತ್ತಡ’ ಎಷ್ಟೆಂದು ಕೇಳಬೇಕು.

ಈಗ ಎರಡು ಪ್ರಾಮಾಣಿಕ ಯಂತ್ರಗಳನ್ನು ಹೋಲಿಸಿರಿ. ಒಂದು 130 ಬಾರ್, 5.5 ಲೀಟರು, ಇನ್ನೊಂದು 110 ಬಾರ್, 6.5 ಲೀಟರು. ಗುಣಿಸಿದರೆ ಎರಡಕ್ಕೂ 715 ಬರುತ್ತದೆ. ಸಾಮರ್ಥ್ಯ ಒಂದೇ, ಸ್ವಭಾವ ಬೇರೆ. ಮೊದಲನೆಯದರ ಏಟು ಚೂಪು. ಕಲ್ಲಿನ ಸಂದಿಯಲ್ಲಿ ಬೇರೂರಿದ ಪಾಚಿಗೆ ಅದು ಮೇಲು. ಎರಡನೆಯದು ಎದ್ದ ಕೊಳೆಯನ್ನು ಬೇಗ ಕೊಚ್ಚಿಕೊಂಡು ಹೋಗುತ್ತದೆ. ಅಗಲವಾದ ಅಂಗಳಕ್ಕೆ, ಕಾರಿಗೆ ಅದು ಒಳ್ಳೆಯದು.

ಮೋಟಾರುಗಳಲ್ಲಿಯೂ ಎರಡು ಬಗೆ. ಇಂಗಾಲದ ಬ್ರಷ್ಷುಗಳುಳ್ಳ ಮೋಟಾರು ಹಗುರ, ಅಗ್ಗ. ಆದರೆ ಸದ್ದು ಹೆಚ್ಚು, ಬ್ರಷ್ಷುಗಳು ಸವೆಯುತ್ತವೆ. ಇಂಡಕ್ಷನ್ ಮೋಟಾರು ಭಾರ, ಬೆಲೆಯೂ ಹೆಚ್ಚು. ಆದರೆ ಸದ್ದು ಕಡಿಮೆ, ಬಾಳಿಕೆ ದೀರ್ಘ. ತಿಂಗಳಿಗೊಮ್ಮೆ ಕಾರು ತೊಳೆಯುವವರಿಗೆ ಮೊದಲನೆಯದು ಸಾಕು.

ಮೂತಿ ಮತ್ತು ದೂರ

ಯಂತ್ರದೊಡನೆ ಬರುವ ಮೂತಿಗಳು ನೀರನ್ನು ಬೀಸಣಿಗೆಯಂತೆ ಹರಡುತ್ತವೆ. 25 ಡಿಗ್ರಿಯ ಮೂತಿಯನ್ನು 30 ಸೆಂಟಿಮೀಟರು ದೂರದಲ್ಲಿ ಹಿಡಿದರೆ ನೀರಿನ ಪಟ್ಟಿಯ ಅಗಲ ಸುಮಾರು 13 ಸೆಂಟಿಮೀಟರು. ದೂರವನ್ನು ಅರ್ಧಮಾಡಿದರೆ ಅಗಲವೂ ಅರ್ಧವಾಗಿ ಏಟು ಇಮ್ಮಡಿಯಾಗುತ್ತದೆ. ದೂರ ಹೆಚ್ಚಿದಂತೆ ನೀರು ಹನಿಹನಿಯಾಗಿ ಒಡೆದು ಗಾಳಿಯ ತಡೆಗೆ ಸಿಕ್ಕಿ ಇನ್ನಷ್ಟು ದುರ್ಬಲವಾಗುತ್ತದೆ. ಆದುದರಿಂದ ಬಲವನ್ನು ಹದಗೊಳಿಸುವ ಸುಲಭ ಸಾಧನ ನಮ್ಮ ಕೈಯೇ. ದೂರದಿಂದ ಆರಂಭಿಸಿ ಮೆಲ್ಲಮೆಲ್ಲನೆ ಹತ್ತಿರಕ್ಕೆ ಬರಬೇಕು.

ಕಣಶಿಲೆಯ ಚಪ್ಪಡಿ ಈ ಏಟನ್ನು ತಾಳುತ್ತದೆ. ಕರಾವಳಿಯ ಮೆದುವಾದ ಮುರಕಲ್ಲು ತಾಳದು. ಅದರ ಮೈ ಕೊರೆದುಹೋಗುತ್ತದೆ. ಸುಣ್ಣ ಬಳಿದ ಗೋಡೆಯಿಂದ ಕೊಳೆಗಿಂತ ಮೊದಲು ಸುಣ್ಣವೇ ಕಳಚುತ್ತದೆ. ಮರದ ಬಾಗಿಲಿನ ನಾರು ಏಳುತ್ತದೆ. ಕಾರಿಗೆ 40 ಡಿಗ್ರಿಯ ಅಗಲವಾದ ಮೂತಿಯೇ ತಕ್ಕದ್ದು. ಟೈರಿನ ಪಕ್ಕಕ್ಕೆ ಹತ್ತಿರದಿಂದ ಹೊಡೆಯಬಾರದು. ಎಣ್ಣೆಯ ಕಲೆಗೆ ತಣ್ಣೀರಿನ ರಭಸ ಸಾಲದು. ಮೊದಲು ಸಾಬೂನಿನ ದ್ರವವನ್ನು ಹಚ್ಚಿ ನೆನೆಯಬಿಡಬೇಕು.

ಮನೆಯಲ್ಲಿ ಮಾಡಬೇಕಾದ ಎರಡು ಪರೀಕ್ಷೆಗಳು

ಯಂತ್ರವನ್ನು ಕೊಳ್ಳುವುದಕ್ಕೆ ಮೊದಲು ಒಂದು ಬಕೆಟ್ಟನ್ನೂ ಗಡಿಯಾರವನ್ನೂ ತೆಗೆದುಕೊಳ್ಳಿರಿ. ನಿಮ್ಮ ನಲ್ಲಿಯ ಕೆಳಗೆ 15 ಲೀಟರಿನ ಬಕೆಟ್ಟು ತುಂಬಲು ಮೂರು ನಿಮಿಷ ಹಿಡಿದರೆ ಹರಿವು ನಿಮಿಷಕ್ಕೆ ಐದು ಲೀಟರಾಯಿತು. ಆರು ಲೀಟರು ಬೇಡುವ ಪಂಪು ಇಲ್ಲಿ ಹಸಿದಿರುತ್ತದೆ. ಒಳಗೆ ಒತ್ತಡ ಕುಸಿದು ಆವಿಯ ಗುಳ್ಳೆಗಳು ಹುಟ್ಟುತ್ತವೆ. ಅವು ಒಡೆಯುವ ರಭಸಕ್ಕೆ ಲೋಹವೂ ಗುಳಿಬೀಳುತ್ತದೆ. ಇಂಥ ಮನೆಗೆ ತೊಟ್ಟಿಯಿಂದ ತಾನಾಗಿಯೇ ನೀರೆಳೆದುಕೊಳ್ಳುವ ಯಂತ್ರವೇ ಬೇಕು. ನೀರಿನಲ್ಲಿ ಮರಳಿದ್ದರೆ ಜರಡಿಯೂ ಬೇಕು.

ಎರಡನೆಯದು ವಿದ್ಯುತ್ತಿನ ಪರೀಕ್ಷೆ. 1,700 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ 7.4 ಆಂಪಿಯರ್ ಸೆಳೆಯುತ್ತದೆ. ದೀಪ, ಫ್ಯಾನುಗಳಿಗಾಗಿ ಇರುವ 6 ಆಂಪಿಯರಿನ ಪ್ಲಗ್ಗು ಇದಕ್ಕೆ ಸಲ್ಲದು. 16 ಆಂಪಿಯರಿನದು ಬೇಕು. ತಂತಿಯನ್ನು ಉದ್ದಮಾಡಬೇಕಾದರೆ ಅದು ದಪ್ಪವಾಗಿರಲಿ; ಸುರುಳಿಯನ್ನು ಪೂರ್ಣವಾಗಿ ಬಿಚ್ಚಿರಲಿ. ಸುತ್ತಿಟ್ಟ ತಂತಿಯ ಶಾಖ ಹೊರಹೋಗಲಾರದೆ ಹೊದಿಕೆಯನ್ನು ಕರಗಿಸಬಹುದು.

ಎಚ್ಚರಿಕೆ

ನೀರು ಮತ್ತು ವಿದ್ಯುತ್ತು ಒಟ್ಟಿಗೆ ಇರುವ ಕಡೆ ಉದಾಸೀನ ಸಲ್ಲದು. ಸೋರುವ ವಿದ್ಯುತ್ತು 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಸಂಪರ್ಕವನ್ನು ಕಡಿಯುವ ಆರ್‌ಸಿಸಿಬಿ ಎಂಬ ರಕ್ಷಕ ಆ ಪ್ಲಗ್ಗಿನ ಹಿಂದೆ ಇರಲೇಬೇಕು. ಅದಿಲ್ಲದ ಮನೆಯಲ್ಲಿ ಯಂತ್ರಕ್ಕಿಂತ ಮೊದಲು ಅದಕ್ಕೆ ಹಣ ವೆಚ್ಚಮಾಡುವುದು ವಿವೇಕ.

ಚಿಮ್ಮುವ ನೀರನ್ನು ಯಾರ ಮೈಮೇಲೂ, ತಮಾಷೆಗಾಗಿಯೂ, ತಿರುಗಿಸಕೂಡದು. ಅದು ಚರ್ಮವನ್ನು ತೂರಿ ಒಳಹೊಗಬಲ್ಲುದು. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಕೊಳಕು ನೀರು ಹರಡಿರುತ್ತದೆ. ಕೂಡಲೆ ಆಸ್ಪತ್ರೆಗೆ ಹೋಗಿ, ಒತ್ತಡದ ನೀರಿನಿಂದ ಆದ ಗಾಯವೆಂದು ವೈದ್ಯರಿಗೆ ಹೇಳಬೇಕು. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇರಲಿ. ಕೆಲಸ ಮುಗಿದು ಸ್ವಿಚ್ಚನ್ನು ಆರಿಸಿದ ಮೇಲೆ ಟ್ರಿಗರನ್ನು ಒಮ್ಮೆ ಒತ್ತಿ ಕೊಳವೆಯಲ್ಲಿ ಉಳಿದ ಒತ್ತಡವನ್ನು ಬಿಡಬೇಕು.

ಅರ್ಧ ಗಂಟೆಯ ಕೆಲಸಕ್ಕೆ ಇಂಥ ಯಂತ್ರ 180 ಲೀಟರು ನೀರನ್ನೂ ಒಂದು ಯೂನಿಟ್ಟಿಗಿಂತ ಕಡಿಮೆ ವಿದ್ಯುತ್ತನ್ನೂ ಬಳಸುತ್ತದೆ. ನಾಲ್ಕು ಮೆಟ್ಟಿಲುಗಳಷ್ಟೇ ಇರುವ ಮನೆಗೆ ಪೊರಕೆಯೇ ಸಾಕು. ದೊಡ್ಡ ಅಂಗಳವಿದ್ದು ಯಂತ್ರ ಬೇಕೆಂದಾದರೆ, ಮನೆಯವರೊಡನೆ ನೀವೂ ಅಂಗಡಿಗೆ ಹೋಗಿರಿ. ಡಬ್ಬದ ಮೇಲಿನ ಅಂಕಿಗಳನ್ನು ಗುಣಿಸಿ 600ರಿಂದ ಭಾಗಿಸಿ ನೋಡಿರಿ. ಪರೀಕ್ಷೆಗೆಂದು ಕಲಿತ ನಿಯಮ ಮನೆಯ ಹಣವನ್ನು ಉಳಿಸಬಲ್ಲುದು. ಜಾರದ ಅಂಗಳದಲ್ಲಿ ಅಜ್ಜಿ ನಿರ್ಭಯವಾಗಿ ಹೆಜ್ಜೆಯಿಡುವಂತೆಯೂ ಮಾಡಬಲ್ಲುದು.