ನೀರು ಎಲ್ಲಿಂದ ಬಂತು?

ಗದಗ ಜಿಲ್ಲೆಯ ಲಕ್ಕಲಕಟ್ಟಿ. ಅಲ್ಲೊಂದು ಮನೆ. ಮನೆಯಲ್ಲಿ ತಾಯಿ ಮತ್ತು ಮಗ. ಮಗನ ಹತ್ತಿರ ಒಂದು ಹಳೆ ವ್ಯಾನು ಇದೆ. ಅದರ ಬಾಡಿಗೆಯೇ ಮನೆಗೆ ಆಧಾರ.

ಹೆಸರಿನ ರಾಶಿ ಮುಗಿದಿತ್ತು. ಮಗ ಓಣಿಯವರ ಚೀಲ ಹೇರಿಕೊಂಡು ಗಜೇಂದ್ರಗಡದ ಪೇಟೆಗೆ ಹೊರಟ. ದಾರಿಯಲ್ಲಿ ಜೋರು ಮಳೆ ಬಂತು. ಪೇಟೆಯಲ್ಲಿ ಇಳಿಸಿದಾಗ ಎರಡು ಚೀಲ ತೊಯ್ದಿದ್ದವು. ತೊಯ್ದ ಹೆಸರಿಗೆ ಒಳ್ಳೆಯ ರೇಟು ಸಿಗಲಿಲ್ಲ. ಮಗ ಬಾಡಿಗೆ ಕೇಳಲಿಲ್ಲ.

“ಯವ್ವಾ, ಹಿಂದಿನ ಬಾಗಲದಾಗಿಂದ ನೀರು ಬರಾಕತ್ತೈತಿ. ಬಾಗಲದ ಬುಡಕ್ಕ ತೂತು ಅದಾವು. ಮುಚ್ಚಿಬಿಡ್ತೀನಿ” ಎಂದ. ಮುಚ್ಚಿದ.

ಮುಂದಿನ ಮಳೆಗೆ ಚೀಲ ಇಡುವ ಜಾಗ ಮತ್ತೆ ಒದ್ದೆಯಾಯಿತು. ಬಾಗಿಲಿನ ಒಳಗೂ ನೀರು ನಿಂತಿತು.

ತಾಯಿ ಅಂದಳು: “ತಮ್ಮಾ, ನಮ್ಮ ಮ್ಯಾಳಗಿ ಸೋರಿದ್ದು ಮರತೇನು? ಹನಿ ಬೀಳೂದು ಒಲಿ ಮುಂದ. ತೂತು ಇದ್ದದ್ದು ಬೆಳಕಿಂಡಿ ಹತ್ರ. ನೀರು ತೊಲಿ ಹಿಡದು ಬಂದಿತ್ತು. ಮೊದಲು ಹುಡುಕು. ಆಮ್ಯಾಲೆ ಮುಚ್ಚು.”

ಹುಡುಕಿದ್ದು ಹೀಗೆ

ವ್ಯಾನಿನ ಮ್ಯಾಟು ತೆಗೆದರು. ಒಳಗೆಲ್ಲ ಒರೆಸಿ ಬಿಸಿಲಿಗೆ ಒಣಗಿಸಿದರು. ತಾಯಿ ಕಲಿಕಾ ಕೇಂದ್ರಕ್ಕೆ ಹೋಗುತ್ತಾಳೆ. ಅವಳ ಹತ್ತಿರ ಸೀಮೆಸುಣ್ಣ ಇತ್ತು. ಅದರ ಪುಡಿಯನ್ನು ಒಳಗಿನ ತಗಡಿಗೆ ತೆಳ್ಳಗೆ ಸವರಿದಳು. ಬ್ಯಾಟರಿ ಹಿಡಿದು ಒಳಗೆ ಕೂತಳು.

ಮಗ ಹೊರಗೆ ಪೈಪು ಹಿಡಿದ. ನೀರು ಮೆಲ್ಲಗೆ ಬಿಟ್ಟ. ಮೊದಲು ಕೆಳಗೆ, ಆಮೇಲೆ ಮೇಲೆ. ಒಂದೊಂದು ಜಾಗಕ್ಕೂ ಐದು ನಿಮಿಷ. ಬಾಗಿಲಿನ ರಬ್ಬರು ನೋಡಿದರು. ಗಾಜಿನ ರಬ್ಬರು ನೋಡಿದರು. ಹಿಂದಿನ ದೀಪದ ಸುತ್ತ ನೋಡಿದರು. ಎಲ್ಲೂ ನೀರಿಲ್ಲ.

ಕೊನೆಗೆ ಟಾಪಿನ ಮೇಲೆ ಬಿಟ್ಟ. “ತಡಿ ತಡಿ, ಬಂತು!” ಎಂದಳು ತಾಯಿ. ಪುಡಿಯಲ್ಲಿ ಒಂದು ಒದ್ದೆ ಗೆರೆ ಮೂಡಿತ್ತು. ಗೆರೆ ಹಿಡಿದು ಮೇಲಕ್ಕೆ ನೋಡಿದರು. ಟಾಪಿನ ಮೇಲೆ ಕ್ಯಾರಿಯರ್ ಇದೆ. ಅದರ ಒಂದು ಬೋಲ್ಟಿನ ರಬ್ಬರ್ ವಾಷರ್ ಸೀಳಿತ್ತು. ನೀರು ಅಲ್ಲಿ ಇಳಿದು, ತಗಡಿನ ಗುಂಟ ಹರಿದು, ಹಿಂದೆ ಚೀಲದ ಮೇಲೆ ಬೀಳುತ್ತಿತ್ತು.

ಮುಚ್ಚಿದ್ದು ಹೀಗೆ

ಬೋಲ್ಟು ಬಿಚ್ಚಿದರು. ತುಕ್ಕನ್ನು ಉಜ್ಜುವ ಕಾಗದದಿಂದ ತಿಕ್ಕಿದರು. ರೆಡ್ ಆಕ್ಸೈಡ್ ಬಳಿದು ಒಣಗಿಸಿದರು. ತೂತಿನ ಸುತ್ತ ಸೀಲಂಟ್ ಹಚ್ಚಿದರು. ಹೊಸ ವಾಷರ್ ಹಾಕಿ ಬಿಗಿದರು. ಸೀಲಂಟ್ ಟ್ಯೂಬಿನ ಮೇಲೆ 24 ಎಂದಿತ್ತು. ತಾಯಿ ಓದಿದಳು. “ಇಪ್ಪತ್ನಾಲ್ಕು ತಾಸು ಒಣಗಬೇಕಂತ. ಇವತ್ತು ಗಾಡಿ ಹೊರಗ ಒಯ್ಯಬ್ಯಾಡ.”

ಮಗ ಬಾಗಿಲಿನ ಬುಡದ ತೂತುಗಳನ್ನು ಮತ್ತೆ ತೆರೆದ. ಗಾಜಿನ ಸಂದಿಯಿಂದ ಬಾಗಿಲೊಳಗೆ ಸ್ವಲ್ಪ ಮಳೆನೀರು ಇಳಿಯುವುದು ಸಹಜ. ಅದು ಹೊರಗೆ ಹೋಗಲೆಂದೇ ಆ ತೂತು ಇರುತ್ತವೆ. ಮುಚ್ಚಿದರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಮರುದಿನ ಮತ್ತೆ ನೀರು ಬಿಟ್ಟು ನೋಡಿದರು. ಒಳಗೆ ಒಂದು ಹನಿಯೂ ಇಲ್ಲ. ಮಗ ಓಣಿಯವರ ಮನೆಗೆ ಹೋಗಿ ಹೇಳಿದ: “ಈಗ ಚೀಲ ತೊಯ್ಯೂದಿಲ್ಲರೀ. ಬಂದು ನೋಡ್ರಿ.”

ನೆನಪಿಡಿ
1. ನೀರು ಬೀಳುವ ಜಾಗವೇ ನೀರು ಬರುವ ಜಾಗ ಅಲ್ಲ.
2. ಒದ್ದೆ ತಗಡಿಗೆ, ತುಕ್ಕಿನ ಮೇಲೆ ಸೀಲಂಟ್ ಹಿಡಿಯುವುದಿಲ್ಲ.
3. ಹುಳಿ ವಾಸನೆಯ ಸಿಲಿಕಾನ್ ಬೇಡ. ಅದು ತಗಡಿಗೆ ತುಕ್ಕು ಹಿಡಿಸಬಹುದು. ಗಾಡಿಗೆ ಹಚ್ಚುವ ಸೀಲಂಟ್ ಕೇಳಿ ತನ್ನಿ.
4. ಎಂಜಿನ್ನಿಗೆ, ವಾಯರುಗಳಿಗೆ ಪೈಪಿನ ನೀರು ಬಿಡಬೇಡಿ.

ಮಾತಾಡೋಣ
1. ಮಗ ಮೊದಲು ಮಾಡಿದ ತಪ್ಪು ಯಾವುದು?
2. ಸೀಮೆಸುಣ್ಣದ ಪುಡಿ ಯಾಕೆ ಬೇಕಾಯಿತು?
3. ನಿಮ್ಮ ಮನೆ ಸೋರಿದಾಗ ತೂತು ಹೇಗೆ ಹುಡುಕಿದಿರಿ?

ಓದಿ, ಬರೆಯಿರಿ
ತಗಡು, ತುಕ್ಕು, ತೂತು, ಬೋಲ್ಟು, ವಾಷರ್.