ಬೇಸಿಗೆಯ ಬಿಸಿಲು ಮತ್ತು ಯಂತ್ರದ ನೆರಳು

ನಮ್ಮ ಜತ್ತ ತಾಲೂಕು ಮಳೆ ಕಡಿಮೆ ಬೀಳುವ ಬರದ ಸೀಮೆ. ಇಲ್ಲಿ ಮಣ್ಣಿನ ಕೆಲಸಕ್ಕೆ ಬೇಸಿಗೆಯೇ ಕಾಲ. ಕೆರೆ ಬತ್ತಿದಾಗ ಹೂಳೆತ್ತಬೇಕು. ಹೊಲ ಖಾಲಿಯಿದ್ದಾಗ ಒಡ್ಡು ಹಾಕಬೇಕು. 1972ರ ಬರಗಾಲದಲ್ಲಿ ಮಹಾರಾಷ್ಟ್ರದ ಲಕ್ಷಾಂತರ ಜನ ಗುದ್ದಲಿ-ಬುಟ್ಟಿ ಹಿಡಿದು ಮಾಡಿದಂಥ ಕೆಲಸವನ್ನು ಇಂದು ಹೆಚ್ಚಾಗಿ ಜೆಸಿಬಿ, ಪೊಕ್ಲೇನ್ ಯಂತ್ರಗಳು ಮಾಡುತ್ತವೆ. ಅವುಗಳನ್ನು ನಡೆಸುವವರು ನಮ್ಮ ನಿಮ್ಮ ಮನೆಯ ಅಣ್ಣಂದಿರು, ಕಾಕಾಗಳು. ಆದ್ದರಿಂದ ಈ ಪಾಠ ನಮಗೆ ದೂರದ್ದಲ್ಲ.

ಎಂಜಿನ್ ಕಾಯ್ದರೆ ಡ್ರೈವರನ ಮುಂದಿರುವ ಮುಳ್ಳು ಅದನ್ನು ತೋರಿಸುತ್ತದೆ. ಅವನು ಕೂಡಲೇ ಯಂತ್ರ ನಿಲ್ಲಿಸುತ್ತಾನೆ. ಆದರೆ ಅವನ ದೇಹ ಕಾಯ್ದರೆ ತೋರಿಸುವ ಮುಳ್ಳು ಎಲ್ಲಿದೆ?

ಆರೋಗ್ಯವಂತನ ದೇಹದ ಉಷ್ಣತೆ ಸುಮಾರು 37° ಸೆಂ. ಹೊರಗೆ 40° ದಾಟಿದಾಗ ದೇಹವನ್ನು ತಂಪಾಗಿಡುವುದು ಬೆವರೊಂದೇ. ಬೆವರು ಆರುವಾಗ ಮೈಯ ಶಾಖವನ್ನು ಹೀರಿಕೊಂಡು ಹೋಗುತ್ತದೆ. ನಮ್ಮ ಕಡೆಯ ಒಣಗಾಳಿಯಲ್ಲಿ ಬೆವರು ಬಂದಷ್ಟು ಬೇಗ ಆರುವುದರಿಂದ ಅಂಗಿ ನೆನೆಯುವುದೇ ಇಲ್ಲ. ‘ನಾನು ಬೆವತೇ ಇಲ್ಲ’ ಎಂದುಕೊಂಡವನ ಮೈಯಿಂದ ನೀರು, ಉಪ್ಪು ಹೋಗುತ್ತಲೇ ಇರುತ್ತವೆ. ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಅಷ್ಟರಲ್ಲಿ ತಲೆ ಭಾರವಾಗಿ ಗಮನ ತಪ್ಪುತ್ತದೆ. ಹಿಂದೆ ನೋಡದೆ ಯಂತ್ರ ಹಿಂದಕ್ಕೆ ಬರುತ್ತದೆ. ಒಂದು ಲಿವರ್ ಎಳೆಯುವ ಬದಲು ಇನ್ನೊಂದನ್ನು ಎಳೆದಾಗುತ್ತದೆ. ಹೀಗೆ ಒಬ್ಬನ ತಲೆಗೇರಿದ ಬಿಸಿಲು ಸುತ್ತಲಿದ್ದವರ ಪ್ರಾಣಕ್ಕೂ ಎರವಾಗಬಹುದು.

ಆದ್ದರಿಂದ ಈ ನಿಯಮಗಳನ್ನು ಪಾಲಿಸಬೇಕು:

1. ಭಾರಿ ಕೆಲಸವನ್ನು ನಸುಕಿನಲ್ಲಿ ಆರಂಭಿಸಿ, ನಡುಹಗಲು ವಿಶ್ರಾಂತಿ ಪಡೆಯಬೇಕು.

2. ಬಾಯಾರಿಕೆಗೆ ಕಾಯದೆ ಪ್ರತಿ 15–20 ನಿಮಿಷಕ್ಕೆ ಒಂದು ಲೋಟ ನೀರು ಕುಡಿಯಬೇಕು. ಊಟದ ಹೊತ್ತಿಗೆ ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ ಒಳ್ಳೆಯವು.

3. ಹೊಸಬರ ದೇಹ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಮೊದಲ ದಿನವೇ ಪೂರ್ತಿ ಪಾಳಿ ಕೊಡಬಾರದು.

4. ಕಾಯ್ದ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಒಳಗೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಇನ್ನೊಂದು ಮಾತು ಬಹು ಮುಖ್ಯವಾದುದು. ಬಯಲಿನಲ್ಲಿ ಗಿಡದ ನೆರಳಿರುವುದಿಲ್ಲ. ಮಧ್ಯಾಹ್ನ ರೊಟ್ಟಿ ತಿಂದ ಕೂಲಿಕಾರರು ಯಂತ್ರದ ನೆರಳಿನಲ್ಲಿ, ಟಿಪ್ಪರಿನ ಕೆಳಗೆ ಮಲಗಿಬಿಡುತ್ತಾರೆ. ಮೇಲೆ ಕುಳಿತವನಿಗೆ ಗಾಲಿಯ ಬುಡದಲ್ಲಿ ಮಲಗಿದವನು ಕಾಣುವುದಿಲ್ಲ. ಅದಕ್ಕಾಗಿ ಕೆಲಸದ ಮೊದಲ ದಿನವೇ ನಾಲ್ಕು ಕಂಬ ನೆಟ್ಟು, ತಾಡಪತ್ರಿ ಕಟ್ಟಿ, ಯಂತ್ರದಿಂದ ದೂರ ಬೇರೆ ನೆರಳು ಮಾಡಬೇಕು. ಡ್ರೈವರನು ಇಳಿಯುವ ಮೊದಲು ಬಕೆಟ್ಟನ್ನು ನೆಲಕ್ಕೆ ಊರಿ, ಎಂಜಿನ್ ನಿಲ್ಲಿಸಿ, ಚಾವಿಯನ್ನು ಕಿಸೆಯಲ್ಲಿ ಹಾಕಿಕೊಳ್ಳಬೇಕು. ಮರಳಿ ಹತ್ತುವ ಮುಂಚೆ ಯಂತ್ರದ ಸುತ್ತ ಒಂದು ಸುತ್ತು ನಡೆದು, ಬಗ್ಗಿ ಕೆಳಗೆ ನೋಡಿ, ಹಾರ್ನ್ ಬಾರಿಸಿ ಚಾಲೂ ಮಾಡಬೇಕು. ಇದಕ್ಕೆ ಒಂದು ನಿಮಿಷವೂ ಹಿಡಿಯದು.

ಬಿಸಿಲಲ್ಲಿ ದುಡಿಯುವವನು ಅಸಂಬದ್ಧವಾಗಿ ಮಾತನಾಡಿದರೆ, ತೂರಾಡಿದರೆ, ಮೂರ್ಛೆ ಹೋದರೆ ಅದು ಉಷ್ಣಾಘಾತವೆಂದು ತಿಳಿಯಬೇಕು. ಕೂಡಲೇ 108ಕ್ಕೆ ಫೋನ್ ಮಾಡಿ, ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು.

ಮಿತ್ರರೇ, ಸೂಟಿಯಲ್ಲಿ ಕೆಲಸದ ಜಾಗಕ್ಕೆ ಬುತ್ತಿ ಒಯ್ಯುವವರು ನಾವೇ. ಬುತ್ತಿಯ ಜೊತೆಗೆ ಒಂದು ಕೊಡ ನೀರನ್ನೂ ಒಯ್ಯೋಣ. ‘ಕಾಕಾ, ಕೆಳಗ ನೋಡಿದ್ರೇನ್ರಿ?’ ಎಂದು ಒಂದು ಮಾತು ಕೇಳೋಣ.